ಸಕ್ಕರೆ ಮರಳಾಗಬೇಕು

ದೇರಾದಲ್ಲಿ ಖೋರಿನ ದಂಡೆಗೆ ಬೆನ್ನು ಹಾಕಿ ನಿಂತ ಗೋದಾಮು.
ಬೆಳಿಗ್ಗೆ ಆರಕ್ಕೇ ಗೋಡೆ ಬಿಸಿ.
ಹಮ್ಮಬ್ಬ ನಾನು. ಇಪ್ಪತ್ತೆರಡು ವರ್ಷದಿಂದ ಇಲ್ಲಿ
ನನ್ನ ನಾಲಿಗೆಗೆ ಸಂಬಳ.

ಮಧುನಾಶಿನಿಯ ಪರೀಕ್ಷೆಗೆ ಯಂತ್ರ ಬೇಡ.
ಎರಡೆಲೆ ಜಗಿ, ನೂರು ಎಣಿಸು, ಉಗುಳು,
ಬಾಯಿ ಮುಕ್ಕಳಿಸಿ ಒಂದು ಚಿಟಿಕೆ ಸಕ್ಕರೆ ಇಡು.
ಎಲೆ ನಿಜವಾದರೆ
ಸಕ್ಕರೆ ಮರಳಾಗಬೇಕು.
ಹಲ್ಲಿನ ನಡುವೆ ಕರಕರ, ಅಷ್ಟೇ;
ಹೊರಗೆ ರಾಶಿ ಬಿದ್ದಿದೆಯಲ್ಲ, ಅದೇ.
ಸಿಹಿ ಸಿಹಿಯಾಗಿಯೇ ಉಳಿದರೆ
ಕಹಿ ಸುದ್ದಿ.

ಉಳಿದವಕ್ಕೆ ಮೂಗು ಸಾಕು, ಬೆರಳು ಸಾಕು.
ಅಶ್ವಗಂಧದ ಬೇರು ಮುರಿದಾಗ ಟಕ್ಕೆನ್ನುತ್ತದೋ, ಬಾಗುತ್ತದೋ,
ಲಾವಂಚ ಆರುವ ಮುಂಚೆಯೇ ಕಟ್ಟಿದರೋ,
ಒಂದೆಲಗ ಗದ್ದೆಯ ಬದುವಿನದೋ, ಚರಂಡಿಯ ಬದಿಯದೋ.
ಎಲೆ ಸುಳ್ಳು ಹೇಳಲು ಕಲಿತಿಲ್ಲ.
ಚೀಟಿ ಕಲಿತಿದೆ.

ಹದಿನೇಳನೇ ಲಾಟಿನ ಗೋಣಿ ಮಾತ್ರ ಯಾವಾಗಲೂ ಬೇರೆ.
ಬಾಯಿಗೆ ಪ್ಲಾಸ್ಟಿಕ್ ಪಟ್ಟಿಯಿಲ್ಲ, ಕತ್ತಾಳೆ ನಾರು,
ಎರಡು ಸುತ್ತು, ಒಂದು ಕುಣಿಕೆ.
ತುದಿ ಹಿಡಿದು ಎಳೆದರೆ ಗುರುತಿನವರ ಮಾತಿನ ಹಾಗೆ ಬಿಚ್ಚಿಕೊಳ್ಳುತ್ತದೆ.
ಒಳಗೆ ಅರ್ಧ ಹಾಳೆ, ಯಾವುದೋ ಶಾಲೆ ಹುಡುಗಿಯ ದುಂಡು ಕನ್ನಡ:
‘ನೆರಳಲ್ಲಿ ಒಣಗಿಸಿದ್ದು. ಬಳ್ಳಿ ಕಡಿದಿಲ್ಲ.
ಜಡಿಯಮ್ಮ, ಕಲ್ಲುಬಾಳೆ ಪೋಡು.’

ನನ್ನದು ಕಡಲ ಕಡೆ; ಆ ಕಾಡು ಕಂಡವನಲ್ಲ,
ಆಕೆಯನ್ನೂ ಕಂಡವನಲ್ಲ.
ಕೈ ಮಾತ್ರ ಗೊತ್ತು, ಹನ್ನೊಂದು ವರ್ಷದಿಂದ:
ಇಬ್ಬನಿ ಆರಿದ ಮೇಲೆ ಕೀಳುತ್ತಾಳೆ, ತೊಟ್ಟು ಬೆರೆಸುವುದಿಲ್ಲ.
ಬಳ್ಳಿಗೆಂದು ಎಷ್ಟು ಬಿಟ್ಟು ಬಂದಳೋ
ಅದೊಂದು ಗೋಣಿಯಲ್ಲಿ ಕಾಣುವುದಿಲ್ಲ.

ಈ ಆಗಸ್ಟಿನಲ್ಲಿ ಬಂತು. ಜಗಿದೆ. ನೂರು ಎಣಿಸಿದೆ.
ಸಕ್ಕರೆ ಸಕ್ಕರೆಯಾಗಿಯೇ ಇತ್ತು.
ಇನ್ನೊಂದು ಗೋಣಿ. ಅದೂ ಸಿಹಿ,
ಬಾಯೆಲ್ಲ ಮದುವೆ ಮನೆ.

ಅರಬಾಬ್ ಬೆಹರೋಜ್ ಫೋನಿನಿಂದ ಕಣ್ಣೆತ್ತಲಿಲ್ಲ:
‘ಕಾಡಿನವಳು ಮೋಸ ಮಾಡಿದಳು. ಅವಳ ದುಡ್ಡು ತಡೆ.
ಮಾಲು ಪುಡಿಗೆ ಹಾಕು.
ಕ್ಯಾಪ್ಸೂಲಿನೊಳಗೆ ಯಾರ ನಾಲಿಗೆ ಇಣುಕುತ್ತದೆ?’

ನಾನೂ ಒಂದು ಗಳಿಗೆ ನಂಬಿದೆ.
ಇದನ್ನು ಮುಚ್ಚಿಟ್ಟು ಉಳಿದದ್ದು ಹೇಳಲಾರೆ.

ಅಸರ್ ನಮಾಜು ಮುಗಿಸಿ ಬಂದವನು, ಯಾಕೋ,
ಗೋಣಿಯೊಳಕ್ಕೆ ಭುಜದವರೆಗೆ ಕೈ ಇಳಿಸಿದೆ.
ಅಂಚಿನ ಎಲೆ ಕಂದು, ಮುಟ್ಟಿದರೆ ಬೂದಿ.
ನಡುವಿನದು ತಣ್ಣಗಿತ್ತು, ಹಸಿರು ಮಾಸಿರಲಿಲ್ಲ.
ಜಗಿದೆ. ಎಣಿಕೆ ಎಪ್ಪತ್ತಕ್ಕೇ ತಪ್ಪಿತು. ಸಕ್ಕರೆ ಇಟ್ಟೆ.

ಮರಳು.
ಯಾ ಅಲ್ಲಾ, ಬಾಯಿ ತುಂಬ ಮರಳು.

ಕಾಗದ ತೆಗೆಸಿ ನೋಡಿದೆ:
ಜೆಬೆಲ್ ಅಲಿಯ ಅಂಗಳದಲ್ಲಿ ಕಂಟೇನರು ಹತ್ತೊಂಬತ್ತು ದಿನ ನಿಂತಿದೆ,
ಒಂದು ಮೊಹರಿಗಾಗಿ.
ನಮ್ಮ ಕಚೇರಿಯದೇ ಮೊಹರು.
ನೆರಳಲ್ಲಿ ಬೆಳೆದು ನೆರಳಲ್ಲಿ ಒಣಗಿ ಬಂದದ್ದನ್ನು
ನಾವು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೇಯಿಸಿದೆವು.

ರಿಜಿಸ್ಟರಿನಲ್ಲಿ ಬರೆದೆ: ಲಾಟು ಹದಿನೇಳು.
ಕಿತ್ತದ್ದು ಸರಿ, ಒಣಗಿಸಿದ್ದು ಸರಿ, ಕಟ್ಟಿದ್ದು ಸರಿ.
ಕೆಟ್ಟದ್ದು ಇಲ್ಲಿ.
ಮೊದಲು ಇಂಗ್ಲಿಷಿನಲ್ಲಿ. ಕೆಳಗೆ ಕನ್ನಡದಲ್ಲಿ,
ಓದುವವರು ನಾನಲ್ಲದೆ ಯಾರೂ ಇಲ್ಲದಿದ್ದರೂ.
ಅರಬಾಬ್ ಪುಟ ನೋಡಿದ, ನನ್ನ ಮುಖ ನೋಡಿದ,
‘ನಾಳೆ ಮಾತಾಡೋಣ’ ಎಂದ.
ಅವನ ನಾಳೆಗಳನ್ನು ಬಲ್ಲೆ.

ಬೀಗ ಹಾಕುವ ಮುಂಚೆ ಇನ್ನೆರಡು ಎಲೆ ಜಗಿದೆ,
ಪರೀಕ್ಷೆಗಲ್ಲ.

ಅಬ್ರಾದಲ್ಲಿ ಮೊಫಿಜುಲ್ ತನ್ನ ಫ್ಲಾಸ್ಕಿನ ಚಹಾ ಕೊಟ್ಟ,
ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಹಾಕುವ ಮನುಷ್ಯ.
ನನಗೆ ಬರೀ ಬಿಸಿ, ಬರೀ ಚೊಗರು.
‘ಸಿಹಿ ಸಾಕಾ ಚಾಚಾ?’
ಸಾಕು ಎಂದೆ.

ಜೇಬಿನಲ್ಲಿ ಆ ನಾರಿತ್ತು.
ಆಚೆ ದಡ ಮುಟ್ಟುವವರೆಗೂ ಅದನ್ನೇ ಕಟ್ಟಿ ಕಟ್ಟಿ ನೋಡಿದೆ,
ಎರಡು ಸುತ್ತು, ಒಂದು ಕುಣಿಕೆ.
ಕೈಗೆ ಬರಲಿಲ್ಲ.