ಮೂರನೇ ಕೋಣೆಯ ಉಪ್ಪು

ಕೋಡಿಬಾಗದ ರಸ್ತೆಗೆ ಬೆನ್ನು ಹಾಕಿ ನಿಂತ
ಹಳೇ ಸುಂಕದ ಗೋದಾಮು ಈಗ ಕಲೆಯ ಮನೆ.
ಕಪ್ಪುಗಟ್ಟಿದ ಹಂಚಿನಡಿ ಹೊಸ ಬಿಳಿ ಗೋಡೆ,
ಮೂರನೇ ಕೋಣೆಯಲ್ಲಿ ಒಂದು ಸ್ಟೂಲು,
ಸ್ಟೂಲಿನ ಮೇಲೆ ನಾನು, ದ್ವಾರಕಾ ತಾಂಡೇಲ,
ಹತ್ತರಿಂದ ಐದೂವರೆ.

ನನ್ನೆದುರು ಎದೆಮಟ್ಟದ ಉಪ್ಪಿನ ಗುಡ್ಡೆ.
ಮೇಲೆ ತೂಗುವ ಹರಕು ಬಲೆ, ಬಲೆಯೊಳಗೊಂದು ಬಲ್ಬು.
(ಗಂಟು ಅವಸರದ್ದು. ನನ್ನ ಮಾವ ನೋಡಿದ್ದರೆ
ಬೈದು, ಬಿಚ್ಚಿ, ಮತ್ತೆ ಹಾಕುತ್ತಿದ್ದ.)
ಗೋಡೆಯ ಚೀಟಿಯಲ್ಲಿ ಬರೆದಿದೆ:
ಶೀರ್ಷಿಕೆಯಿಲ್ಲ. ಸಾಣಿಕಟ್ಟಾ ಉಪ್ಪು, ನೈಲಾನು, ಬೆಳಕು.
ಅಳತೆ: ಜಾಗಕ್ಕೆ ತಕ್ಕಂತೆ.

ಆ ಕೊನೆಯ ಸಾಲು ನನಗೆ ಇಷ್ಟ.
ರೇಶನ್ ಕಾರ್ಡಿನಲ್ಲೂ ನನ್ನ ಹೆಸರಿನ ಮುಂದೆ
ಹಾಗೇ ಬರೆಯಬಹುದಿತ್ತು:
ಅರ್ಗಾದಲ್ಲಿ ಸಮುದ್ರದವರೆಗೂ ಅಂಗಳ,
ಪುನರ್ವಸತಿಯಲ್ಲಿ ಹತ್ತಡಿ ಜಗಲಿ,
ಈಗ ಈ ಸ್ಟೂಲು.

ಅರ್ಥವೇನೆಂದು ಕೇಳುವವರಿಗೆ
ಶೌಚಾಲಯ ಎಡಕ್ಕೆ ಎನ್ನುವಷ್ಟೇ ಮರ್ಯಾದೆಯಿಂದ
ಚೀಟಿ ತೋರಿಸುತ್ತೇನೆ.
ಶಿರಸಿಯಿಂದ ಬಂದ ಶಾಲೆಯ ಹುಡುಗನೊಬ್ಬ
ನಾನು ಅತ್ತ ತಿರುಗಿದ್ದೇ ತಡ, ಬೆರಳು ಅದ್ದಿ ಚೀಪಿ
‘ಉಪ್ಪೇಯಾ ಇದು!’ ಎಂದು ಕೂಗಿದ.
ನಾಲ್ಕು ತಿಂಗಳಲ್ಲಿ ನಾನು ಕೇಳಿದ
ಒಂದೇ ಒಂದು ನೇರ ಮಾತು.
ಬೈಯಲಿಲ್ಲ.

ಮೃಗಶಿರ ಹಿಡಿದ ಮೂರನೇ ದಿನ
ಕರೆಂಟು ಹೋಗಿ ತೇವ ಹೀರುವ ಯಂತ್ರ ನಿಂತಿತು.
ಗುಡ್ಡೆ ಬೆವರತೊಡಗಿತು.
ಮರಿಗೆಯ ಉಪ್ಪು ಹೀಗೆ ಬೆವರಿದರೆ
ಆಯಿ ದೋಣಿ ಇಳಿಸಲು ಬಿಡುತ್ತಿರಲಿಲ್ಲ,
ಅಪ್ಪ ಗೊಣಗುತ್ತ ಹುಟ್ಟು ಒರಗಿಸುತ್ತಿದ್ದ.

ಮಧ್ಯಾಹ್ನಕ್ಕೆ ನೀರು ಹಳದಿ ಪಟ್ಟಿ ದಾಟಿತು.
‘ಗೆರೆ ದಾಟಬೇಡಿ’ ಎಂದು ದಿನಕ್ಕೆ ನೂರು ಸಲ
ನಾನು ಹೇಳುವ ಅದೇ ಗೆರೆ.
ಉಪ್ಪಿಗೆ ಯಾರು ಹೇಳುವುದು?

ಸಾಹೇಬರಿಗೆ ಫೋನು ಮಾಡಿದೆ.
ಅವರು ಕಲಾವಿದೆಗೆ ಮಾಡಿದರು.
ಅಲ್ಲಿಂದ ಉತ್ತರ ಬಂತು:
ಒರೆಸಬೇಡಿ, ಅದೂ ಕೃತಿಯೇ.

ಆಯಿತು.
ಆದರೆ ಎಲ್ಲಿಯವರೆಗೆ?
ಗೋಣಿಬಟ್ಟೆ ಹಿಡಿದು ನಿಂತೇ ಇದ್ದೆ.
ನೀರು ಸ್ಟೂಲಿನ ಕಾಲು ಮುಟ್ಟಿತು,
ನನ್ನ ಚಪ್ಪಲಿ ಮುಟ್ಟಿತು,
ಸಂಸ್ಥೆ ಕೊಟ್ಟ ಬೂದು ಸೀರೆಯ ಅಂಚನ್ನು
ಮೆಲ್ಲಗೆ ಹೀರಿಸಿಕೊಂಡು ಮೇಲೇರಿತು.
ನೆಲ ಎಲ್ಲಿ ಶುರುವಾಗುತ್ತದೆಂದು
ಯಾವ ಚೀಟಿಯಲ್ಲೂ ಬರೆದಿಲ್ಲ.
ಐದೂವರೆಗೆ ಬೀಗ ಹಾಕಿದೆ.

ಬಸ್ಸಿನಲ್ಲಿ ಕೂತಾಗ ಅಂಚು ಒಣಗಿ
ಬಿಳಿ ಗೆರೆ ಮೂಡಿತ್ತು,
ಭರತ ಇಳಿದ ಮೇಲೆ
ಕಾಳಿಯ ದಡದ ಕಲ್ಲಿನಲ್ಲಿ ಉಳಿಯುವಂಥದ್ದು.

ಮನೆಯಲ್ಲಿ ಸೀರೆ ಹಗ್ಗಕ್ಕೆ ಹಾಕಿದ್ದೇನೆ.
ಸೊಸೆ ಬಕೆಟ್ಟು ತಂದಳು.
ಮುಟ್ಟಬೇಡ ಎಂದೆ,
ಕೆಲಸದ ದನಿಯಲ್ಲೇ.