ಗುಂಡಿ

ಬೆರಳ ತುದಿಯಿಂದ ಶುರುವಾಯಿತು.
ಕೌಲ್ ಬಜಾರಿನ ಶೆಡ್ಡಿನಲ್ಲಿ ಜೀನ್ಸಿಗೆ ಜೇಬು ಹೊಲಿಯುತ್ತಿದ್ದೆ,
ಜೋಡಿ ಜೇಬಿಗೆ ಎರಡು ರೂಪಾಯಿ.
ಜೋಮು ಹಿಡಿದದ್ದನ್ನು ನೀಲಿ ಧೂಳು ಅಂದುಕೊಂಡೆ,
ಉಜ್ಜಿದೆ, ತೊಳೆದೆ, ಸೆರಗಿಗೆ ಒರೆಸಿದೆ.
ಮೂರನೇ ದಿನ ಕಾಲು ನನ್ನದಲ್ಲ.
ಐದನೇ ದಿನ ಉಸಿರೂ ನನ್ನದಲ್ಲ.

ನರದ ರೋಗ ಎಂದರು. ಅದರ ಹೆಸರು
ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ.
ದೊಡ್ಡಾಸ್ಪತ್ರೆಯ ಗಾಜಿನ ಕೋಣೆಯಲ್ಲಿ
ಮೂವತ್ತೊಂದು ದಿನ ಒಂದು ಯಂತ್ರ
ನನ್ನ ಪಾಲಿನ ಗಾಳಿಯನ್ನು ಅಳೆದು ಅಳೆದು ಕೊಟ್ಟಿತು,
ರೇಷನ್ ಅಂಗಡಿಯವನ ಹಾಗೆ,
ಒಂದು ಗುಟುಕೂ ಹೆಚ್ಚಿಲ್ಲದೆ.
ಛಾವಣಿಯಲ್ಲೊಂದು ಒದ್ದೆ ಕಲೆ, ಥೇಟು ನಮ್ಮೂರ ಒಂಟಿಕಲ್ಲು ಗುಡ್ಡ.
ಕಣ್ಣಲ್ಲೇ ಹತ್ತಿದೆ, ಇಳಿದೆ, ಹತ್ತಿದೆ,
ಕಾಲಿಗೆ ಚಪ್ಪಲಿಯಿಲ್ಲದೆ.

ಸುಳ್ಳು ಯಾಕೆ, ಆಗ ನೆನಪಾದದ್ದು ದೇವರಲ್ಲ.
ನೀರು ಬರುವ ರಾತ್ರಿ ನೆನಪಾಯಿತು.
ಒಂಬತ್ತು ದಿನಕ್ಕೊಮ್ಮೆ, ಅದೂ ಸರಿರಾತ್ರಿಗೆ,
ನಲ್ಲಿಯೊಳಗೆ ಮೊದಲು ಗಾಳಿ ಕೆಮ್ಮುವುದು,
ಹೊನ್ನೂರಪ್ಪ ಲುಂಗಿ ಎತ್ತಿಕಟ್ಟಿ ಓಡುವುದು,
ಡ್ರಮ್ಮು, ಕೊಡ, ಚರಿಗೆ, ಚಹಾದ ಲೋಟದವರೆಗೂ
ತುಂಬಿಟ್ಟುಕೊಳ್ಳುವ ಆ ಗದ್ದಲ.
ಇವತ್ತು ಎಷ್ಟನೇ ದಿನ? ಯಾರು ಎಚ್ಚರಿದ್ದಾರೆ?
ಕೇಳಲು ಗಂಟಲಲ್ಲಿ ಜಾಗವಿರಲಿಲ್ಲ,
ಕೊಳವೆಯಿತ್ತು.

ಗಂಡನ ಹೆಗಲ ಮೇಲೆ ಮನೆಗೆ ಬಂದೆ.
ಲಗೇಜ್ ಆಟೋ ಓಡಿಸುವ ಕೈ
ಅಷ್ಟರಲ್ಲಿ ಜಡೆ ಹೆಣೆಯಲು ಕಲಿತಿತ್ತು,
ಮೂಟೆಗೆ ಹಗ್ಗ ಬಿಗಿದ ಹಾಗೆ. ನೋಯುತ್ತಿತ್ತು.
ನೋವು ಗೊತ್ತಾಗುತ್ತಿದೆಯಲ್ಲ ಎಂದು ಸುಮ್ಮನಿದ್ದೆ.

ಬೆರಳಿಗೆ ಕೆಲಸ ಕೊಡಿ, ಕಡಲೆ ಹೆಕ್ಕಲಿ ಎಂದಿದ್ದರು.
ಎರಡನೇ ಕ್ಲಾಸಿನ ಗಾದಿಲಿಂಗ ಶೆಡ್ಡಿನ ಕಸ ಕೆದಕಿ
ಪೊಟ್ಟಣದ ತುಂಬ ಗುಂಡಿ ತಂದ,
ಸೊಟ್ಟವು, ಹೊಳಪಿಲ್ಲದವು, ಯಾವ ಪ್ಯಾಂಟಿಗೂ ಬೇಡವಾದವು.
ತಟ್ಟೆಗೆ ಸುರಿದು, "ಹತ್ತು ಹೆಕ್ಕಿದರೆ ಪಾಸು" ಅಂದ.
ನಮ್ಮ ಮಾತಿನಲ್ಲಿ ಎರಡಕ್ಕೂ ಗುಂಡಿ ಎಂದೇ ಹೆಸರು;
ಒಂದರ ಅಂಚಿನಿಂದ ಎದ್ದು ಬಂದು
ಇನ್ನೊಂದನ್ನು ಹೆಕ್ಕುತ್ತಿದ್ದೆ.
ಜಾರಿ ಮಂಚದಡಿಗೆ ಉರುಳಿದರೆ
ತೆವಳಿ ತಂದಿಡುತ್ತಿದ್ದ, ಮತ್ತೆ, ಮತ್ತೆ.
ಅವನಿಗೆ ಅ ಆ ತಿದ್ದಿಸುವಾಗ ನಾನು ಹೊಡೆದಿದ್ದೆ.
ಅವನು ಹೊಡೆಯಲಿಲ್ಲ.

ಅತ್ತೆ ಸುಂಕಮ್ಮನ ಕೊರಳಲ್ಲಿ ಬೋರಮಾಳವಿರಲಿಲ್ಲ.
ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಹೇಳಿದ್ದು
ನಲವತ್ತು ವರ್ಷ ಬಿಸಿಲು ಕಾಣದ ಒಂದು ತೆಳು ಗೆರೆ.
ಅದಕ್ಕಿಂತ ಹೆದರಿಸಿದ್ದು ಅವಳ ಮೆತ್ತನೆ ಮಾತು.
ಹನ್ನೊಂದು ವರ್ಷ ನನ್ನ ಸಾರಿಗೆ ಉಪ್ಪಿಲ್ಲ,
ನನ್ನ ಕಸಬರಿಗೆಗೆ ಕಣ್ಣಿಲ್ಲ ಎಂದವಳು
ಈಗ "ಉಣ್ಣು ತಾಯಿ, ಮಲಗು ತಾಯಿ".
ಕತ್ತಲಲ್ಲಿ ಯೋಚಿಸುತ್ತಿದ್ದೆ:
ಡಾಕ್ಟರು ಇವರಿಗೇನೋ ಹೇಳಿದ್ದಾನೆ,
ನಾನು ಉಳಿಯುವವಳಲ್ಲ.

ಹೋದ ಬುಧವಾರ
ಗೋಡೆ ಹಿಡಿದು ಒಲೆಯ ತನಕ ನಡೆದೆ,
ಹಾಲಿಗೆ ಕಾವಲು ನಿಂತೆ.
ಕಿಟಕಿಯಾಚೆ ಒಗ್ಗರಣಿ ಗಾಡಿ,
ಮಿರ್ಚಿ ಎಣ್ಣೆಗೆ ಬಿದ್ದು ಚೊಂಯ್ ಎಂದಿತು.
ಆ ಘಾಟನ್ನು ಎದೆ ತುಂಬ ಎಳೆದೆ,
ಇನ್ನೊಮ್ಮೆ ಎಳೆದೆ,
ಯಾರೂ ಅಳೆಯಲಿಲ್ಲ.
ಹಾಲು ಉಕ್ಕಿತು.

"ಕಣ್ಣೇನು ನೆತ್ತಿ ಮ್ಯಾಲೈತೇನೇ!
ಅರ್ಧ ಲೀಟರ್ ಹಾಲು ಒಲಿ ಪಾಲಾತು,
ನಿಮ್ಮವ್ವ ಇದನ್ನಾ ಕಲಿಸಿದ್ದು?"

ನಾನು ಅತ್ತೆ.
ಅತ್ತೆ ಒಂದು ಗಳಿಗೆ ಬಾಯಿ ತೆರೆದೇ ನಿಂತು
ತಾನೂ ಅತ್ತಳು,
ಅಳುತ್ತಲೇ ಬೈದಳು, ಬೈಯುತ್ತಲೇ ಒಲೆ ಒರೆಸಿದಳು.
ನಮ್ಮವ್ವನನ್ನು ಇನ್ನೂ ನಾಲ್ಕು ಮಾತು ಅಂದಳು.
ಅನ್ನಲಿ. ನಾನು ಬದುಕಿದ್ದೇನೆ ಎಂದು
ಈ ಮನೆ ನಂಬಿತು.

ಇವತ್ತು ಗಾದಿಲಿಂಗನ ಅಂಗಿಗೆ ಗುಂಡಿ ಹಾಕಿದೆ.
ಐದು ಗುಂಡಿ, ಹತ್ತು ನಿಮಿಷ,
ಶಾಲೆಯ ಗಂಟೆ ಆಗಲೇ ಬಾರಿಸಿತ್ತು.
ನಾಲ್ಕನೆಯದು ಐದನೇ ಕಾಜಕ್ಕೆ ಹೋಗಿ ಕೂತಿತ್ತು.
ಅವನು ಬಗ್ಗಿ ನೋಡಿದ, ನನ್ನ ಮುಖ ನೋಡಿದ,
ಏನೂ ಅನ್ನದೆ
ಸೊಟ್ಟ ಅಂಗಿಯಲ್ಲೇ ಓಡಿಹೋದ.