ಕಿವಿಗೆ ಹತ್ತಿ

ದೋಣಿ ಎಂದು ಈ ಊರಿನ ಹೆಸರಿನ ಅರ್ಥ.
ನದಿ ಮಾತ್ರ ಕಾಣುವುದಿಲ್ಲ; ಗಿರಣಿಗಳು ಕುಡಿದು ಉಳಿಸಿದ್ದನ್ನು
ಎಂದೋ ಕೊಳವೆಗೆ ತುಂಬಿ ಮುಚ್ಚಿದ್ದಾರೆ.
ವೂಚ್ ನಗರ. ಮಾರ್ಚ್. ಅಂಗಳದಲ್ಲಿ ಕೊಳಕು ಹಿಮ.
ಕೆಂಪಿಟ್ಟಿಗೆಯ ನೇಯ್ಗೆ ಗಿರಣಿ, ಎರಡನೆಯ ಮಹಡಿ,
ನನ್ನ ಕೈಯಲ್ಲಿ ಅಳತೆ ಪಟ್ಟಿ.

ಮಾಲೀಕ ಝೆಮೋವಿತ್‌ಗೆ ಇಲ್ಲೊಂದು ವೈನ್ ಬಾರ್ ಬೇಕು.
"ಹಳೆಯದು ಹಳೆಯದಾಗಿಯೇ ಕಾಣಲಿ, ಬೊಗ್ನಾ,
ಹಳೆಯದರ ವಾಸನೆ ಮಾತ್ರ ಬರಕೂಡದು."
ವಾಸನೆಯೇ ಮೊದಲ ತಕರಾರು.
ನೂರು ವರ್ಷ ಯಂತ್ರದೆಣ್ಣೆ ಕುಡಿದ ಮೇಪಲ್ ಹಲಗೆ
ಹೀಟರ್ ಹಚ್ಚಿದೊಡನೆ ಬೆವರುತ್ತದೆ.
ವೈನ್ ಆರಿಸಿಕೊಡಲು ಬಂದವನು ಲೋಟದೊಳಗೆ ಮೂಗಿಟ್ಟು
"ಚೆರಿ, ತೊಗಲು, ಆಮೇಲೆ... ಗ್ರೀಸ್" ಎಂದ.
ಮೂರು ಸಲ ಮೆರುಗೆಣ್ಣೆ ಬಳಿಸಿದೆ.
ನಾಲ್ಕನೆಯ ಸಲಕ್ಕೆ ಹಣವಿಲ್ಲ.

ಎರಡನೆಯ ತಕರಾರು, ಸದ್ದು.
ಗೋಡೆಗೂ ಕಿವಿಯಿದೆ ಅನ್ನುವುದೆಲ್ಲ ಸುಳ್ಳು;
ಈ ಗೋಡೆಗಳಿಗೆ ಬರೀ ಬಾಯಿ.
ಒಂದು ಲೋಟ ಇಟ್ಟರೆ ಹತ್ತು ಇಟ್ಟಂತೆ.
ಚಾವಣಿಗೆ ಉಣ್ಣೆಯ ಹಲಗೆ ತೂಗಿಸಿದೆ, ಎರಕದ ಕಂಬಗಳ ನಡುವೆ
ದಪ್ಪ ಪರದೆ ಇಳಿಬಿಟ್ಟೆ, ಚಪ್ಪಾಳೆ ತಟ್ಟಿ ನೋಡಿದೆ.
ಮತ್ತೆ ಮತ್ತೆ ಬಂತು, ಸಾಲ ವಸೂಲಿಗೆ ಬಂದವನ ಹಾಗೆ.

ಪೆಲಾಗಿಯಾ ಬಂದದ್ದು ಆಗ.
ಎಪ್ಪತ್ತೊಂಬತ್ತು ವಯಸ್ಸು. ಯಾರನ್ನೂ ಕೇಳದೆ ನೆಟ್ಟಗೆ ನಡೆದು
ನೆಲದಲ್ಲಿ ನಾಲ್ಕು ತೂತಿದ್ದ ಕಡೆ ಬೂಟಿನ ತುದಿಯಿಟ್ಟಳು.
"ಹದಿನೇಳನೆಯ ಮಗ್ಗ. ನನ್ನದು."
ನಕ್ಷೆ ಬಿಡಿಸಿದೆ. ಅಲ್ಲಿ ಶೌಚಾಲಯ.
ಹೇಳಲೋ ಬೇಡವೋ ಎಂದು ನನ್ನ ತುಟಿ ಅಲುಗಿದ್ದಷ್ಟೇ,
ಅವಳಿಗೆ ತಿಳಿದುಹೋಯಿತು. ಗಹಗಹಿಸಿದಳು.
"ಒಳ್ಳೆಯದೇ ಆಯಿತು. ಆಗೆಲ್ಲ ಅದಕ್ಕೆ
ಮೇಸ್ತ್ರಿಯ ಹತ್ತಿರ ಚೀಟಿ ಬರೆಸಬೇಕಿತ್ತು."

ಇನ್ನೂರು ಮಗ್ಗ ಒಟ್ಟಿಗೆ ಕುಟ್ಟುವಾಗ
ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರಂತೆ,
ಕೈಗೆ ಸಿಗುತ್ತಿದ್ದದ್ದು ಅದೇ ತಾನೆ.
ಐದು ವರ್ಷಕ್ಕೆ ಹತ್ತಿ ಬೇಕಿಲ್ಲದೆ ಹೋಯಿತು.
ಲಾಳಿ ಹೋಗಿ ಬರುವಷ್ಟರಲ್ಲಿ, ಹಾಸಿನ ಮೇಲಿಂದ
ತುಟಿಯಿಂದ ತುಟಿಗೆ ದಾಟುತ್ತಿತ್ತು ಸುದ್ದಿ:
ಯಾರಿಗೆ ತಿಂಗಳು ನಿಂತಿದೆ, ಯಾವ ಅಂಗಡಿಗೆ ಮಾಂಸ ಬಂದಿದೆ,
ಯಾವತ್ತು ಎಲ್ಲರೂ ಒಟ್ಟಿಗೆ ಸ್ವಿಚ್ ಆರಿಸುವುದು.
ಮೇಲ್ವಿಚಾರಕರ ಕಿವಿ ಚೆನ್ನಾಗಿತ್ತು.
ಅವರಿಗೆ ಏನೂ ಕೇಳಿಸಲಿಲ್ಲ.

ನನ್ನ ದೀಪಗಳನ್ನು ನೋಡಿ ಮೂಗು ಮುರಿದಳು.
ಮೇಜಿಗಷ್ಟೇ ಒಂದು ಬೊಗಸೆ ಹಳದಿ ಬೆಳಕು, ಮುಖಗಳಿಗೆ ನೆರಳು:
ಇದಕ್ಕೆ ಆಪ್ತ ವಾತಾವರಣ ಅನ್ನುತ್ತೇವೆ, ನಮ್ಮ ಕಸುಬಿನವರು.
"ಬೆಳಕೆಲ್ಲ ಲೋಟಕ್ಕೆ ಕೊಟ್ಟಿದ್ದೀಯಲ್ಲ ಹುಡುಗಿ,
ಮಾತಾಡುವುದು ಲೋಟವೆ?"

ಆಮೇಲೆ ಗಾಜಿನ ಕೋಣೆಯತ್ತ ಗದ್ದ ಎತ್ತಿದಳು.
ಝೆಮೋವಿತ್ ಅಲ್ಲಿ ಫೋನು ಹಿಡಿದು ನಗುತ್ತ ಓಡಾಡುತ್ತಿದ್ದ.
"ನಿನ್ನ ಬಾಕಿ ಹಣ ಬಾರು ತೆರೆದ ಮೇಲಂತೆ.
ತಡಿ, ತಡಿ. ಕೊಡುವುದೇ ಬೇಡ ಅನ್ನುತ್ತಿದ್ದಾನೆ,
ಒಂದು ವರ್ಷ ಪುಕ್ಕಟೆ ಕುಡಿದುಕೊಳ್ಳಲಿ ಅನ್ನುತ್ತಿದ್ದಾನೆ."

ಅಂದು ರಾತ್ರಿ ಏಣಿ ಹಾಕಿಸಿ
ಇಪ್ಪತ್ತೆರಡು ದೀಪಗಳನ್ನು ಮೇಲೆತ್ತಿ ಮುಖದ ಕಡೆ ತಿರುಗಿಸಿದೆ.
ಉಣ್ಣೆಯ ಹಲಗೆ ಅರ್ಧ ಇಳಿಸಿ ಅಂಗಡಿಗೆ ವಾಪಸು ಮಾಡಿ
ಬಂದ ಹಣ ಇಟ್ಟುಕೊಂಡೆ. ರಸೀದಿ ಕೊಡಲಿಲ್ಲ.

ತೆರೆದ ದಿನ ಸದ್ದೋ ಸದ್ದು.
ಒಬ್ಬರ ಮಾತು ಒಬ್ಬರಿಗೆ ಕೇಳದೆ
ಎಲ್ಲರೂ ಮುಂದೆ ಬಾಗಿ, ಎದುರಿನವರ ಬಾಯಿಯನ್ನೇ ನೋಡುತ್ತ.
ಪೆಲಾಗಿಯಾ ಶೌಚಾಲಯದ ಪಕ್ಕದ ಮೇಜೇ ಬೇಕೆಂದು ಕೂತಳು,
ಮೊರಾವಿಯಾದ ಬಿಳಿ ವೈನ್, ಮೂವತ್ತೆರಡು ಝ್ವಾತಿ, ಹುಳಿ ಎಂದು ಮುಖ ಕಿವುಚಿದಳು.
ಆ ತುದಿಯಿಂದ ಈ ತುದಿಗೆ ನನಗೇ ಏನೋ ಅಂದಳು,
ದನಿಯಿಲ್ಲದೆ, ಬಿಡಿಬಿಡಿಯಾಗಿ, ಎರಡು ಸಲ.
ಗೊತ್ತಾಗಲಿಲ್ಲ. ಹೌದು ಎಂದು ತಲೆಯಾಡಿಸಿದೆ.
ತಪ್ಪು ಉತ್ತರ ಇರಬೇಕು;
ಅವಳ ಭುಜಗಳು ಬಹಳ ಹೊತ್ತು ನಗುತ್ತಿದ್ದವು.